ಪತ್ರಾಸಿನ ಕೆಳಗೆ ಬೆಂದ ಅಂಬೆಮೋರ

ಆ ಪ್ರಾಣಿಯನ್ನು ನಾನು ಕಣ್ಣಾರೆ ಕಂಡೆನೋ ಇಲ್ಲವೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಕಂಡ ನೆನಪೇನೋ ಇದೆ. ಮಾಳಿಗೆಯ ಕೈಗೋಡೆಯ ಮೇಲಿಂದ ಉದ್ದನೆಯ ಕಪ್ಪು ಬಾಲವೊಂದು ಬೇವಿನ ಮರದ ಕಡೆಗೆ ಇಳಿದುಹೋಯಿತು. ತುದಿ ಮಾತ್ರ ಒಂದು ಕ್ಷಣ ಗೋಡೆಗೆ ಅಂಟಿಕೊಂಡಂತೆ ನಿಂತಿತು. ಆಗ ಬೆಳಕು ಎಷ್ಟಿತ್ತು ಎಂಬುದನ್ನೂ ಹೇಳಬಲ್ಲೆ. ಆದರೆ ಅದು ಕಂಡ ಸಂಜೆ ನಾನು ಹುನಗುಂದದಿಂದ ಇನ್ನೂ ಮನೆಗೆ ಬಂದಿರಲೇ ಇಲ್ಲ ಎನ್ನುತ್ತಾಳೆ ಹೆಂಡತಿ. ಅವಳ ಮಾತನ್ನು ಅಲ್ಲಗಳೆಯುವ ಸಾಕ್ಷಿ ನನ್ನ ಹತ್ತಿರ ಇಲ್ಲ. ಅವಳು ಹೇಳಿದ್ದನ್ನು ಕೇಳಿ ಕೇಳಿ ಆ ಬಾಲವನ್ನು ನಾನು ನನ್ನದಾಗಿಸಿಕೊಂಡಿರಬೇಕು. ಅದೂ ಬರೀ ಊಹೆ.

ಹುನಗುಂದದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಮುಖ್ಯವಾಗಿ ಒಂದೇ: ಉಪಕರಣ ತೋರಿಸುವ ಅಳತೆಯನ್ನು ನಂಬುವ ಮೊದಲು ಉಪಕರಣವನ್ನು ಪರೀಕ್ಷಿಸು. ನನ್ನ ಕಿವಿ, ನನ್ನ ಮೂಗು, ನನ್ನ ನೆನಪು ಇವೇ ಉಪಕರಣಗಳಾದಾಗ ಯಾವುದರಿಂದ ಯಾವುದನ್ನು ಪರೀಕ್ಷಿಸಬೇಕು ಎಂದು ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಇಳಕಲ್ಲಿನ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಮಳೆಗೆ ಸೋರುತ್ತದೆಂದು ಅಪ್ಪ ಬೀದಿಯ ಕಡೆಯ ಅರ್ಧ ಮಾಳಿಗೆಯ ಮೇಲೆ ಪತ್ರಾಸಿನ ತಗಡು ಹೊದಿಸಿದ್ದ. ಆಗ ಪಡಸಾಲೆಯ ಬೆಳಕಿಂಡಿಯೂ ತಗಡಿನ ಕೆಳಗೆ ಸೇರಿಹೋಗಿ, ಕೆಲಸವಿಲ್ಲದ್ದಾಗಿ, ಅದರ ಬಾಯಿಗೆ ಒಂದು ಹಲಗೆ ಮುಚ್ಚಿದರು. ಮಣ್ಣಿಗೂ ತಗಡಿಗೂ ನಡುವೆ ಒಂದು ಸಂದು ಉಳಿಯಿತು. ಬಯಲು ಮಾಳಿಗೆಯ ಕಡೆ ಅದು ಮೊಣಕಾಲೆತ್ತರ. ಬೀದಿಯ ಕಡೆಗೆ ಹೋಗುತ್ತ ಹೋಗುತ್ತ ಗೇಣಿಗೆ ಇಳಿಯುತ್ತದೆ. ಒಡೆದ ಕುರ್ಚಿ, ತೂತುಬಿದ್ದ ಕೊಡ, ನನ್ನ ತೊಟ್ಟಿಲಿನ ಕಟ್ಟಿಗೆ ಎಲ್ಲ ಅಲ್ಲಿಗೇ ಹೋದವು. ನಮ್ಮ ಮನೆಯ ಅಟ್ಟ ಎಂದರೆ ಅದೇ.

ಪಕ್ಕದ ಮನೆಯಲ್ಲಿ ವಿದ್ಯುತ್ ಮಗ್ಗಗಳಿವೆ. ಅವು ನಡೆಯುವಾಗ ನಮ್ಮ ಗೋಡೆಯೂ ಅವುಗಳ ಜೊತೆ ನೇಯುತ್ತದೆ. ಕರೆಂಟು ಹೋದಾಗ ಮಾತ್ರ ಒಮ್ಮೆಲೇ ಮೌನ ಬಿದ್ದು, ನಮ್ಮ ಮನೆಯ ಸದ್ದು ನಮಗೆ ಕೇಳುತ್ತದೆ. ಹಾಗೊಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಮೇಲೆ ಏನೋ ನಡೆಯಿತು. ಇಲಿ ಓಡಿದರೆ ಚುರುಚುರು ಎಂದು ಓಡಿ ನಿಲ್ಲುತ್ತದೆ. ಇದು ಓಡಲಿಲ್ಲ. ತೂಕವಿತ್ತು. ನಾಲ್ಕು ಹೆಜ್ಜೆ ಇಟ್ಟು, ಯೋಚಿಸಿ, ಏನನ್ನೋ ಎಳೆದುಕೊಂಡು ಹೋದಂತಿತ್ತು.

"ಇಲಿ ಬಿಡ್ರಿ," ಎಂದಳು ಹೆಂಡತಿ ಮೇಣದ ಬತ್ತಿ ಹುಡುಕುತ್ತ.

ಅದಾದ ಮೇಲೋ ಅದಕ್ಕಿಂತ ಮೊದಲೋ ವಾಸನೆ ಬಂತು. ಯಾವುದು ಮೊದಲು ಎಂದು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಅಂಬೆಮೋರ ಅಕ್ಕಿ ಬೇಯುವ ವಾಸನೆ. ಹಬ್ಬಕ್ಕೆ, ಬೀಗರು ಬಂದಾಗ ತರುವ ಪರಿಮಳದ ಅಕ್ಕಿ ಅದು. ಉಳಿದ ದಿನ ನಮ್ಮಲ್ಲಿ ರೊಟ್ಟಿ. ಅಡುಗೆಮನೆಗೆ ಹೋಗಿ ನೋಡಿದೆ. ಒಲೆ ತಣ್ಣಗಿತ್ತು. ಹೆಂಡತಿಯನ್ನು ಕೇಳುವಂತಿರಲಿಲ್ಲ, ಕೊರೋನಾ ಬಂದುಹೋದ ಮೇಲೆ ಅವಳಿಗೆ ವಾಸನೆ ಗೊತ್ತಾಗುವುದಿಲ್ಲ. ಅವ್ವ ವರ್ಷಾನುಗಟ್ಟಲೆ ತಪಕೀರು ಏರಿಸಿ ಏರಿಸಿ ಮೂಗನ್ನು ನಶ್ಯಕ್ಕೇ ಬಿಟ್ಟುಕೊಟ್ಟಿದ್ದಾಳೆ. ಮನೆಯಲ್ಲಿ ಕೆಲಸ ಮಾಡುತ್ತಿದ್ದ ಮೂಗು ನನ್ನದೊಂದೇ, ಅದೂ ಈಗ ಇಲ್ಲದ್ದನ್ನು ಹೇಳುತ್ತಿತ್ತು.

ಇದನ್ನು ನಾನು ಮೊದಲೇ ಅಪ್ಪನ ಬಾಯಲ್ಲಿ ಕೇಳಿದ್ದೆ.

ಅಪ್ಪ ಶಾಲೆಯ ಮಾಸ್ತರನಾಗಿದ್ದು ನಿವೃತ್ತನಾದವ. ಕೊನೆಯ ವರ್ಷಗಳಲ್ಲಿ ಪಡಸಾಲೆಯ ಹೊರಸಿನ ಮೇಲೆ ಮಲಗಿ ಬೆಳಕಿಂಡಿಯ ಹಲಗೆಯನ್ನೇ ನೋಡುತ್ತ, "ಮ್ಯಾಲ ಯಾರೋ ಅದಾರ. ಅನ್ನಾ ಮಾಡಾಕತ್ತಾರ," ಎನ್ನುತ್ತಿದ್ದ. ಮೊದಲು ನಕ್ಕೆವು. ಆಮೇಲೆ ಅವನು ಬಜಾರಿಗೆ ಹೋಗಿ ದಾರಿ ತಪ್ಪಿದ. ನನ್ನನ್ನು ತನ್ನ ತಮ್ಮನ ಹೆಸರಿನಿಂದ ಕರೆದ. ಬಾಗಲಕೋಟೆಯ ಡಾಕ್ಟರು, "ಮೊದಮೊದಲು ಏನು ಕಂಡ್ರಿ?" ಎಂದು ಕೇಳಿದಾಗ ನಾವೆಲ್ಲ ಒಟ್ಟಿಗೆ ಹೇಳಿದ್ದು ಇದನ್ನೇ: ಇಲ್ಲದ ಸದ್ದು ಕೇಳುತ್ತಾನೆ, ಇಲ್ಲದ ಅನ್ನದ ವಾಸನೆ ಬರುತ್ತದೆ ಎನ್ನುತ್ತಾನೆ. ಗುಳಿಗೆ ಶುರುವಾದವು. ತೀರಿಹೋಗುವಾಗ ಅಪ್ಪನಿಗೆ ನಮ್ಮಲ್ಲಿ ಒಬ್ಬರ ಗುರುತೂ ಇರಲಿಲ್ಲ.

ನಾನೂ ಮರೆಯುತ್ತಿದ್ದೆ. ಪಾಠದ ನಡುವೆ ವಾಕ್ಯವೊಂದು ಅರ್ಧಕ್ಕೇ ನಿಂತು, ಮುಂದೇನು ಎಂದು ಮಕ್ಕಳ ಮುಖ ನೋಡಿದ್ದೆ. ಒಂದು ದಿನ ಸ್ಕೂಟರ್ ಮೇಲೆ ಹುನಗುಂದಕ್ಕೆ ಹೋಗಿ, ಬಸ್ಸಿನಲ್ಲಿ ಮನೆಗೆ ಬಂದೆ. ಅಂಗಳದಲ್ಲಿ ಸ್ಕೂಟರ್ ಕಾಣದೆ ಕಳುವಾಗಿದೆ ಎಂದು ಕೂಗಾಡಿದೆ. ಹೆಂಡತಿ ನನ್ನ ಜೇಬಿನಿಂದ ಬಸ್ಸಿನ ಟಿಕೇಟು ತೆಗೆದು ಸುಮ್ಮನೆ ಮೇಜಿನ ಮೇಲಿಟ್ಟಳು. ಮರುದಿನವೇ ಬಾಗಲಕೋಟೆಯ ದವಾಖಾನೆಗೆ ಫೋನು ಮಾಡಿ ನನ್ನ ಹೆಸರು ಹಚ್ಚಿಸಿದಳು. ನಾನು ಒಂದಲ್ಲ ಒಂದು ನೆಪ ಹೇಳಿ ಮುಂದೂಡಿದೆ.

ಹಾಗಾಗಿ ಲೆಕ್ಕ ಸರಳವಾಗಿತ್ತು. ಮೇಲೆ ನಿಜವಾಗಿ ಒಂದು ಪ್ರಾಣಿ ಇದ್ದರೆ ನನ್ನ ತಲೆ ನೆಟ್ಟಗಿದೆ. ಇಲ್ಲದಿದ್ದರೆ ಅಪ್ಪನ ಹೊರಸು ನನಗಾಗಿ ಕಾಯುತ್ತಿದೆ. ಮನೆಯ ಮಾಳಿಗೆಯಲ್ಲಿ ಕಾಡುಪ್ರಾಣಿ ಸೇರಿದರೆ ಜನ ಹೌಹಾರುತ್ತಾರೆ. ನಾನು ಸೇರಿರಲಿ ದೇವರೇ ಎಂದು ಬೇಡಿಕೊಂಡೆ, ದೇವರನ್ನು ನಂಬದವನು.

ಗುರುತುಗಳನ್ನು ಹುಡುಕತೊಡಗಿದೆ. ಪಡಸಾಲೆಯ ಜಂತಿಯ ಸಂದಿನಲ್ಲಿ ಹಳದಿ ಕಲೆಯೊಂದು ಅಗಲವಾಗುತ್ತಿತ್ತು. ಮಳೆಯಿಲ್ಲದ ದಿನಗಳಲ್ಲೂ ಒದ್ದೆಯಾಗುತ್ತಿತ್ತು. ಮಾಳಿಗೆಯ ಮೂಲೆಯಲ್ಲಿ ಹಿಕ್ಕೆ ಸಿಕ್ಕಿತು, ಬೆಕ್ಕಿನದಕ್ಕಿಂತ ಒರಟು, ತುಂಬ ಬಾರಿಹಣ್ಣಿನ ಬೀಜ. ಬೆಕ್ಕು ಹಣ್ಣು ತಿನ್ನುತ್ತದೆಯೇ? ಆದರೆ ಬೀಜಗಳನ್ನು ಹಕ್ಕಿಯೂ ಹಾಕಿರಬಹುದು, ಮಕ್ಕಳೂ ಉಗುಳಿರಬಹುದು. ಮೊಬೈಲಿನ ದೀಪ ಹಚ್ಚಿ ಸಂದಿನೊಳಗೆ ತಲೆ ತೂರಿಸಿದೆ. ಕುರ್ಚಿಯ ಕಾಲು, ಕೊಡ, ಆಚೆಗೆ ಕತ್ತಲೆ. ಎರಡು ಕಿಡಿ ಹೊಳೆದಂತಾಯಿತು. ಕೊಡದ ತೂತಿನಿಂದ ಬಂದ ಬೆಳಕೂ ಆಗಿರಬಹುದು.

ಕೊನೆಗೆ ಹೊಳೆದದ್ದು ಹಿಟ್ಟು. ರೊಟ್ಟಿ ನಾದುವ ಪರಾತದಲ್ಲಿ ಜೋಳದ ಹಿಟ್ಟನ್ನು ತೆಳ್ಳಗೆ ಹರಡಿ, ಸಂಜೆಗೆ ಮುಂಚೆ ಸಂದಿನ ಬಾಯಿಗೆ ಇಟ್ಟುಬಂದೆ. ಬೆಳಿಗ್ಗೆ ಹೋಗಿ ನೋಡಿದರೆ ಹಿಟ್ಟಿನ ಮೇಲೆ ಹೆಜ್ಜೆ ಮೂಡಿದ್ದವು. ಪರಾತವನ್ನು ಎರಡೂ ಕೈಯಲ್ಲಿ ಹಿಡಿದು, ಹಿಟ್ಟು ಅಲುಗದಂತೆ ನಿಚ್ಚಣಿಕೆ ಇಳಿದು, ಹೆಂಡತಿಗೆ ತೋರಿಸಲೆಂದು ಪಡಸಾಲೆಗೆ ತಂದೆ. ಅಲ್ಲಿ ಅವ್ವ ಕೂತಿದ್ದಳು.

ನಮ್ಮ ಕಡೆ ಕೆಲವು ಮನೆಗಳಲ್ಲಿ ಒಂದು ಪದ್ಧತಿಯಿದೆ. ಪ್ರಾಣ ಹೋದ ಜಾಗದಲ್ಲಿ ಹಿಟ್ಟು ಹರಡಿ, ಬುಟ್ಟಿ ಮುಚ್ಚಿ, ಬೆಳಿಗ್ಗೆ ಎತ್ತಿ ನೋಡುತ್ತಾರೆ. ಅದರಲ್ಲಿ ಮೂಡಿದ ಹೆಜ್ಜೆಯಿಂದ ಹೋದವರು ಯಾವ ರೂಪ ತಾಳಿದರೆಂದು ತಿಳಿಯುತ್ತದಂತೆ. ಅಪ್ಪ ಹೋದಾಗಲೂ ಹಿಟ್ಟು ಹಾಸಿದ್ದರು. ಬುಟ್ಟಿ ಎತ್ತಿದರೆ ಹಿಟ್ಟು ಹಾಸಿದ ಹಾಗೇ ಇತ್ತು. ಒಂದು ಗೀರೂ ಇರಲಿಲ್ಲ. ಗುರುತು ಮರೆತವ ಗುರುತು ಬಿಡದೇ ಹೋದ ಎಂದು ಅವ್ವ ಅವತ್ತು ಅತ್ತಿದ್ದು ಸಾವಿಗೆ ಅತ್ತದ್ದಕ್ಕಿಂತ ಹೆಚ್ಚು.

ಈಗ ಅವಳು ಪರಾತವನ್ನು ನೋಡಿ, ಎದ್ದು ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಬಂದಾರ," ಎಂದಳು.

"ಅವ್ವಾ, ಅದು ಯಾವದೋ ಕಾಡಬೆಕ್ಕು."

"ಬೆಕ್ಕಿನ ಹೆಜ್ಜಿ ನಾ ನೋಡಿಲ್ಲೇನಲೇ? ಅದಕ್ಕ ನಾಕ ಬೆರಳ ಮೂಡ್ತಾವ. ಎಣಸ ನೋಡೂಣು."

ಎಣಿಸಿದೆ. ಐದಿದ್ದವು. ಅಂಗೈಯೂ ಇತ್ತು, ಹಾಲುಗೂಸಿನ ಅಂಗೈಯಷ್ಟು. ಬೆಕ್ಕಿಗೆ, ನಾಯಿಗೆ ನಾಲ್ಕೇ ಮೂಡುತ್ತವೆ ಎಂಬುದು ನಿಜ. ನನ್ನ ಸಾಕ್ಷಿ ನನ್ನ ಕೈಯಲ್ಲೇ ತಿರುಗಿ ನಿಂತಿತು.

ಹೆಂಡತಿ ಬಾಗಿ ನೋಡಿದಳು. ಹಿಟ್ಟನ್ನು ನೋಡಿ ಆಮೇಲೆ ನನ್ನ ಬೆರಳುಗಳನ್ನು ನೋಡಿದಳು.

"ನೀವ ಒತ್ತಿಲ್ಲಲ್ರಿ?" ಮೆಲ್ಲಗೆ ಕೇಳಿದಳು. ಅದರಲ್ಲಿ ಕುಹಕವಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸಿದ್ದು.

ಇಲ್ಲ ಎಂದೆ. ಆದರೆ ಬಸ್ಸಿನಲ್ಲಿ ಬಂದವನಿಗೆ ಸ್ಕೂಟರ್ ಬಿಟ್ಟದ್ದು ನೆನಪಿರಲಿಲ್ಲ. ಹಿಟ್ಟಿಗೆ ಬೆರಳು ಒತ್ತಿದ್ದರೆ ಅದು ನೆನಪಿರುತ್ತಿತ್ತೇ? ಯಾರೂ ಇಲ್ಲದಾಗ ಪರಾತದ ಅಂಚಿನಲ್ಲಿ ನನ್ನ ಬೆರಳ ತುದಿಗಳನ್ನು ಕೂಡಿಸಿ ಒತ್ತಿ ನೋಡಿದೆ. ಹೆಚ್ಚುಕಡಿಮೆ ಹಾಗೇ ಮೂಡಿತು. ಪರಾತವನ್ನು ಹಾಗೇ ನಲ್ಲಿಯ ಕೆಳಗೆ ಹಿಡಿದು ತೊಳೆದುಬಿಟ್ಟೆ. ತೊಳೆದ ಮೇಲೆ ಫೋಟೋ ತೆಗೆಯಲಿಲ್ಲವಲ್ಲ ಎಂದು ಹಣೆ ಬಡಿದುಕೊಂಡೆ.

ಅವ್ವ ಮಾತ್ರ ಅವತ್ತಿನಿಂದ ಹುರುಪಾದಳು. ದಿನಾ ಸಂಜೆ ತಾಟಿನಲ್ಲಿ ಬಾಳೆಹಣ್ಣು, ಒಂದು ಮುಟಿಗೆ ಗೋಧಿ-ಬೆಲ್ಲದ ಮಾದಲಿ ಹಾಕಿ ನನ್ನ ಕೈಗೆ ಕೊಟ್ಟು, "ಮ್ಯಾಲ ಇಟ್ಟು ಬಾರಪಾ, ನಿಮ್ಮಪ್ಪಗ ಮಾದಲಿ ಅಂದ್ರ ಜೀವ," ಎನ್ನುವಳು. ನಾನು ವಾದಿಸಲಿಲ್ಲ. ಅವಳಿಗೆ ಅದು ಎಡೆ, ನನಗೆ ಪ್ರಯೋಗ. ಬೆಳಿಗ್ಗೆ ತಾಟು ನೆಕ್ಕಿದಂತೆ ಖಾಲಿ. ಬಾಳೆಯ ಸಿಪ್ಪೆ ಮಾತ್ರ ಬಿದ್ದಿರುತ್ತಿತ್ತು.

"ನೋಡ್ರಿ ಅತ್ತೀ, ಮಾವನಾರು ಸಿಪ್ಪಿ ಸುಲದು ತಿನ್ನಾಕತ್ತಾರ," ಎಂದಳು ಹೆಂಡತಿ.

"ಇದ್ದಾಗೂ ಹಂಗ ಒಗೀತಿದ್ರು ಎಲ್ಲೆಂದರಲ್ಲೆ," ಎಂದಳು ಅವ್ವ, ಒಂದಿಷ್ಟೂ ನಗದೆ.

ಖಾಲಿ ತಾಟೂ ನನಗೆ ಸಾಲಲಿಲ್ಲ. ಮೇಲೆ ಇಟ್ಟವ ನಾನು, ಇಳಿಸಿದವ ನಾನು. ನಡುವೆ ತಿಂದವ ನಾನಲ್ಲ ಎಂಬುದಕ್ಕೆ ಹೊಟ್ಟೆಯ ಹೊರತು ಬೇರೆ ಸಾಕ್ಷಿ ಇರಲಿಲ್ಲ. ಆ ದಿನಗಳಲ್ಲಿ ಪ್ರತಿಯೊಂದನ್ನೂ ಹೀಗೆ ತಿರುವಿ ನೋಡುತ್ತಿದ್ದೆ. ಬಾಗಿಲ ಚಿಲಕ ಹಾಕಿ, ಹಾಕಿದ್ದೇನೆಯೇ ಎಂದು ತಿರುಗಿ ಬಂದು, ಬಂದದ್ದು ಎಷ್ಟನೇ ಸಲ ಎಂದು ಅಲ್ಲೇ ನಿಲ್ಲುತ್ತಿದ್ದೆ. ಪಾಠಕ್ಕೆ ಮುಂಚೆ ಹಲಗೆಯ ಮೇಲೆ ಎಲ್ಲವನ್ನೂ ಬರೆದಿಟ್ಟು, ಓದುತ್ತ ಕಲಿಸುತ್ತಿದ್ದೆ. ಹುಡುಗರಿಗೆ ಏನೂ ಅನ್ನಿಸಲಿಲ್ಲ. ಅವರೂ ಓದುತ್ತಲೇ ಬರೆದುಕೊಳ್ಳುತ್ತಿದ್ದರು.

ಹೆಂಡತಿ ಅದನ್ನು ಕಂಡದ್ದು ಮೆಣಸಿನಕಾಯಿ ಎತ್ತಲು ಮಾಳಿಗೆಗೆ ಹೋದಾಗ. ಅವಳು ಹೇಳಿದ ಪ್ರಕಾರ ಹೊತ್ತು ಮುಳುಗಿ ಇನ್ನೂ ಬೆಳಕಿತ್ತು. ಒಣಗಿದ ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬುತ್ತಿದ್ದಾಗ ಸಂದಿನಿಂದ ಒಂದು ಮೂತಿ ಹೊರಬಂತು. ನಾನು ಬಸ್ಸಿಳಿದು ಮನೆಗೆ ಬಂದಾಗ ಚೀಲ ಅಂಗಳದಲ್ಲಿ ಅಡ್ಡಬಿದ್ದಿತ್ತು. ಅವಳು ಬಾಗಿಲಲ್ಲೇ ನಿಂತಿದ್ದಳು.

"ಐತ್ರಿ! ಐತಿ!" ಎಂದಳು. "ಬೆಕ್ಕಿನಂಗ ಐತಿ, ಬೆಕ್ಕಲ್ಲ. ಮುಂಗಸಿ ಹಂಗ ಐತಿ, ಮುಂಗಸಿ ಅಲ್ಲ. ಮಾರಿಗೆ ಕರೆ ಪಟ್ಟಿ ಕಟ್ಟಿದಂಗ. ಬಾಲ ನೋಡಬೇಕಿತ್ತು ನೀವು, ಮೈಯಷ್ಟ ಉದ್ದ!"

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಳು ಬಂತು. ಪುನುಗುಬೆಕ್ಕಿನ ಜಾತಿಯದು ಎಂದು ಆಮೇಲೆ ಚಿತ್ರಗಳನ್ನು ತೋರಿಸಿದಾಗ ಅವಳೇ ಬೆರಳಿಟ್ಟು ಗುರುತಿಸಿದಳು. ಅದರ ಕಾಲಿಗೆ ಐದು ಬೆರಳು. ಹಣ್ಣು ತಿನ್ನುತ್ತದೆ. ಹಗಲೆಲ್ಲ ಮಲಗಿ ಮುಸ್ಸಂಜೆಗೆ ಹೊರಡುತ್ತದೆ. ಎಲ್ಲ ಕೂಡಿತು.

ಅವ್ವನಿಗೆ ಹೇಳಿದೆವು. ನನ್ನ ಮಾತು ಕೇಳಿ ಅವಳ ಮುಖ ಸಣ್ಣದಾಗುತ್ತದೆಂದು ಹೆದರಿದ್ದೆ. ಆಗಲಿಲ್ಲ. "ಹೌದಲ್ಲೋ ಮತ್ತ? ಹಿಟ್ಟು ಹಾಕೂದ ಯಾವ ರೂಪದಾಗ ಬಂದಾರ ಅಂತ ತಿಳ್ಕೊಳ್ಳಾಕ. ಈಗ ತಿಳೀತು," ಎಂದು ತಪಕೀರಿನ ಡಬ್ಬಿ ತೆಗೆದಳು. ನನ್ನ ಸಾಕ್ಷಿಯೆಲ್ಲ ಅವಳ ಲೆಕ್ಕಕ್ಕೆ ಜಮೆಯಾಯಿತು.

ಗೆದ್ದವನಂತೆ ಹೆಂಡತಿಗೆ, "ಇನ್ನ ಬಾಗಲಕೋಟಿ ದವಾಖಾನಿ ಬ್ಯಾಡ," ಎಂದೆ.

"ಯಾಕ್ರಿ?"

"ಮ್ಯಾಲ ಬೆಕ್ಕು ಐತಿ ಅಂತ ನೀನ ನೋಡಿದಿ."

"ಬೆಕ್ಕು ಐತಿ, ಛಲೋ ಆತು. ಸ್ಕೂಟರ್ ಏನು ಬೆಕ್ಕು ಬಿಟ್ಟು ಬಂತೇನ್ರಿ?"

ತರ್ಕ ಕಲಿತವನು ನಾನು. ಮೇಲೊಂದು ಪ್ರಾಣಿ ಇರುವುದರಿಂದ ಕೆಳಗಿರುವವನ ತಲೆ ಸರಿಯಿದೆ ಎಂದು ಸಾಬೀತಾಗುವುದಿಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು. ಅವಳು ಅಷ್ಟಕ್ಕೇ ಬಿಡಲಿಲ್ಲ. "ಸಪ್ಪಳ ಬೆಕ್ಕಿನದು ಅನ್ನೂಣು. ಅನ್ನದ ವಾಸನಿ ಬರ್ತೈತಿ ಅಂತೀರಲ್ಲ, ಬೆಕ್ಕು ಅನ್ನಾ ಮಾಡ್ತೈತೇನು?"

ಅದಕ್ಕೂ ಓದಿ ಉತ್ತರ ಹುಡುಕಿದೆ. ಬಂಗಾಳದ ಕಡೆ ಈ ಜಾತಿಯ ಪ್ರಾಣಿ ಬಂದುಹೋದದ್ದನ್ನು ಪರಿಮಳದ ಅಕ್ಕಿಯಂಥ ವಾಸನೆಯಿಂದಲೇ ಗುರುತಿಸುತ್ತಾರಂತೆ. ಅದರ ಗ್ರಂಥಿಯ ಗುಣವಂತೆ. ಆದರೆ ಮೊಬೈಲಿನಲ್ಲಿ ಬರೆದದ್ದೆಲ್ಲ ನಿಜವೇ? ಮಾಳಿಗೆ ಹತ್ತಿ ಸಂದಿನ ಅಂಚಿನ ಕಟ್ಟಿಗೆಗೆ ಮೂಗು ತಾಗಿಸಿದೆ. ಅಂಬೆಮೋರ. ಇನ್ನೊಂದು ಮೂಗು ಬೇಕೆನ್ನಿಸಿ, ನಾಚಿಕೆ ಬಿಟ್ಟು, ಪಕ್ಕದ ಮಗ್ಗದವರನ್ನು ಕರೆದೆ. ಅವರು ಬಾಗಿ ಮೂಸಿ, ಮುಖ ಕಿವುಚಿ, "ಬೆಕ್ಕಿನ ಉಚ್ಚಿ ನಾತ ಸರ್. ಫಿನಾಯಿಲ್ ಹಾಕ್ರಿ," ಎಂದು ಇಳಿದುಹೋದರು. ಮತ್ತೆ ಮೂಸಿದೆ. ನಾತವೂ ಇತ್ತು. ಅದರ ಕೆಳಗೆ ಅನ್ನವೂ ಇತ್ತು. ಅಥವಾ ಅನ್ನ ನನ್ನೊಳಗೆ ಇತ್ತು.

ಜಂತಿಯ ಕಲೆ ದೊಡ್ಡದಾಯಿತು. ಹೆಂಡತಿ ಸಂದು ಮುಚ್ಚಿಸೋಣ ಎಂದಳು. ಅವ್ವ ಬೇಡವೆಂದಳು. ನಾನೂ ಬೇಡವೆಂದೆ. ಅದು ಹೊರಟುಹೋದರೆ ನನ್ನ ಪರವಾಗಿ ಹೇಳಲು ಯಾರಿದ್ದಾರೆ? ಸಂಜೆ ಮೇಲೆ ಹೆಜ್ಜೆ ಕೇಳಿದರಷ್ಟೇ ನನ್ನ ಉಸಿರು ಸಲೀಸಾಗುತ್ತಿತ್ತು. ಯಾವುದೋ ಕಾಡುಪ್ರಾಣಿಯ ನಡಿಗೆಗೆ ನನ್ನ ಬುದ್ಧಿಯನ್ನು ಒತ್ತೆ ಇಟ್ಟು ಕೂತಿದ್ದೆ.

ಅದು ಹೇಳದೇ ಕೇಳದೇ ಹೋಯಿತು. ತಾಟಿನಲ್ಲಿ ಮಾದಲಿ ಹಾಗೇ ಉಳಿಯಿತು, ಇರುವೆ ಮುತ್ತಿದವು. ಕರೆಂಟು ಹೋದರೆ ಬರೀ ಮೌನ. ಕಲೆ ಒಣಗಿತು. ಹೊಸ ಹಿಟ್ಟು ಹರಡಿದೆ, ಏನೂ ಮೂಡಲಿಲ್ಲ. ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ವಾಸನೆ ಬಂತು. ಅಂಬೆಮೋರವೇ, ಹಿಂದೆಂದಿಗಿಂತ ದಟ್ಟವಾಗಿ. ಮೇಲೆ ಏನೂ ಇಲ್ಲ, ಕಲೆಯೂ ಒಣಗಿದೆ, ವಾಸನೆ ಮಾತ್ರ ಇದೆ. ಕೆಂಪು ಪೆನ್ನು ಕೈಯಿಂದ ಜಾರಿತು. ಅಂದರೆ ಇಷ್ಟು ದಿನವೂ ಅದು ಬೆಕ್ಕಿನದಲ್ಲ. ಬೆಕ್ಕು ಕಾಕತಾಳೀಯ. ನನ್ನೊಳಗಿನದು ನನ್ನೊಳಗೇ ಇದೆ. ಹೆಂಡತಿಯನ್ನು ಕೂಗಿದೆ. ಅವಳು ಹಿತ್ತಲಿನಿಂದ ಓಡಿ ಬಂದಳು.

"ನಿನಗ ವಾಸನಿ ಬರಾಕತ್ತೈತೇನು?"

"ನನಗೆಲ್ಲಿ ಮೂಗು ಐತ್ರಿ?" ಎಂದವಳು ನನ್ನ ಮುಖ ನೋಡಿ ಹತ್ತಿರ ಬಂದು ಭುಜ ಹಿಡಿದಳು. "ಯಾಕ್ರಿ? ಏನಾತು?"

ಅಷ್ಟರಲ್ಲಿ ಅಡುಗೆಮನೆಯಿಂದ ಕುಕ್ಕರು ಸೀಟಿ ಹೊಡೆಯಿತು.

"ಅವಾಗಿಂದ ಏನ ಒದರ್ತೀರಿ?" ಎನ್ನುತ್ತ ಅವ್ವ ಹೊರಗೆ ಬಂದಳು. "ಅಂಬೆಮೋರ ಹಾಕೀನಿ. ಮಾದಲಿ ಬ್ಯಾಸರಾಗಿ ಹೋಗ್ಯಾರೇನೋ, ಅನ್ನ ಇಟ್ಟರ ಬರ್ತಾರೇನೋ ಅಂತ."

ಹೆಂಡತಿ ನಕ್ಕಳು, ನಾನೂ ನಕ್ಕೆ, ನಗು ನಿಲ್ಲಲಿಲ್ಲ. ನಿಂತ ಮೇಲೆ ಅವಳು, "ಇನ್ನ ಸಾಕ್ರಿ. ದವಾಖಾನಿಗೆ ಹೋಗೂಣು," ಎಂದಳು. ಹೂಂ ಎಂದೆ.

ಬಾಗಲಕೋಟೆಯ ಡಾಕ್ಟರು ನನ್ನಿಂದ ಗಡಿಯಾರದ ಚಿತ್ರ ಬರೆಸಿದರು. ನೂರರಿಂದ ಏಳೇಳು ಕಳೆಯಲು ಹೇಳಿದರು. ಅದೆಲ್ಲ ಸರಿಯಾಯಿತು. ಮೂರು ಶಬ್ದ ಹೇಳಿ ಆಮೇಲೆ ಕೇಳುತ್ತೇನೆ ಎಂದಿದ್ದರು. ಕೇಳಿದಾಗ ಎರಡು ಬಂದವು: ಕೊಡೆ, ನಿಂಬೆಹಣ್ಣು. ಮೂರನೆಯದು ಬರಲಿಲ್ಲ. ಈಗಲೂ ಬಂದಿಲ್ಲ. ಸ್ಕ್ಯಾನು ಮಾಡಿಸಿ ನೋಡಿ, "ಇದರಾಗ ಅಂಥಾದ್ದೇನೂ ಕಾಣಂಗಿಲ್ಲ. ಆದರ ಇಷ್ಟರ ಮ್ಯಾಲ ಹೌದು ಅಂತಾನೂ ಹೇಳಾಕ ಬರಂಗಿಲ್ಲ, ಅಲ್ಲ ಅಂತಾನೂ ಬರಂಗಿಲ್ಲ. ಮುಂದಿನ ವರ್ಷ ಮತ್ತ ನೋಡೂಣು," ಎಂದರು. ನಾನು ಬೆಕ್ಕಿನ ಕಥೆ ಹೇಳಿದೆ. "ಬೆಕ್ಕು ಖರೆ ಇದ್ರ ಒಂದು ಲಕ್ಷಣ ಕಡಿಮಿ ಆತು. ಅಷ್ಟ," ಎಂದು ನಕ್ಕರು.

ಒಂದು ಲಕ್ಷಣ. ದವಾಖಾನೆಯ ಮೆಟ್ಟಿಲಿಳಿಯುವಾಗ ಆ ಮಾತು ತಲೆಯಲ್ಲಿ ಸಿಕ್ಕಿಕೊಂಡಿತು. ಇದೇ ಊರಿನಲ್ಲಿ, ಇಂಥದೇ ಕೋಣೆಯಲ್ಲಿ, ಅಪ್ಪನ ಮೊದಲ ಲಕ್ಷಣ ಎಂದು ನಾವು ಹೇಳಿದ್ದು ಯಾವುದನ್ನು? ಆಗಲೂ ಪತ್ರಾಸು ಇತ್ತು. ಸಂದೂ ಇತ್ತು. ಅಥವಾ ಅಪ್ಪ ಅನ್ನದ ವಾಸನೆ ಎಂದದ್ದೇ ಸುಳ್ಳು ನೆನಪೋ? ನನ್ನ ಮೂಗಿನ ಕಥೆಯನ್ನು ಹಿಂದಕ್ಕೆ ಒಯ್ದು ಅವನ ಬಾಯಲ್ಲಿ ಇಟ್ಟೆನೋ? ಅವ್ವನನ್ನು ಕೇಳಿ ಪ್ರಯೋಜನವಿಲ್ಲ, ಅವಳ ನೆನಪಿನಲ್ಲಿ ಈಗ ಬೆಕ್ಕು ತುಂಬಿತ್ತು. ಬೆಕ್ಕಿನ ಸುದ್ದಿ ಗೊತ್ತಿಲ್ಲದವರು ಬೇಕಿತ್ತು.

ಅಪ್ಪನ ತಂಗಿ, ನನ್ನ ಸೋದರತ್ತೆ, ಬಾದಾಮಿಯ ಹತ್ತಿರ ಚೊಳಚಗುಡ್ಡದಲ್ಲಿ ಇದ್ದಾಳೆ. ಅಪ್ಪನ ಜಡ್ಡು ಶುರುವಾದಾಗ ಬಂದು ನಮ್ಮ ಮನೆಯಲ್ಲಿ ಕೆಲವು ದಿನ ಇದ್ದವಳು. ಬನಶಂಕರಿಗೆ ಕೈಮುಗಿದು ಬರೋಣ ಎಂದು ಹೆಂಡತಿಯನ್ನು ಕರೆದುಕೊಂಡು ಬಾದಾಮಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಅವಳಿಗೆ ಎಲ್ಲ ಹೇಳಿ, "ನೀ ಬಾಯಿ ಬಿಡಬ್ಯಾಡ. ನಾನೂ ವಾಸನಿ ಅನ್ನೂ ಮಾತ ಎತ್ತಂಗಿಲ್ಲ," ಎಂದೆ.

ಅತ್ತೆ ಅಂಗಳದಲ್ಲಿ ಹೆಸರುಕಾಳು ಹರವಿ, ಕೋಲು ಹಿಡಿದು ಮಂಗಗಳನ್ನು ಕಾಯುತ್ತ ಕೂತಿದ್ದಳು. ಚಹಾ ಆಯಿತು. ಊರ ಸುದ್ದಿ ಆಯಿತು.

"ಅತ್ತೀ, ಅಪ್ಪನ ಜಡ್ಡು ಹೆಂಗ ಸುರು ಆತು, ನೆನಪೈತೇನು?"

"ಈಗ್ಯಾಕ ಅದು?"

"ಸುಮ್ಮ."

"ಸುರು ಏನು ತಮ್ಮಾ, ಅನ್ನದ್ದ ಸುರು. ಯಾರೋ ಅಂಬೆಮೋರ ಬೇಸಾಕತ್ತಾರ, ನನಗ ಮಾತ್ರ ಒಣಾ ರೊಟ್ಟಿ ಅಂತ ನಿಮ್ಮವ್ವನ ಮ್ಯಾಲ ಹಾರಾಡ್ತಿದ್ದ. ಹೇ, ಹೋಗ್ ಅತ್ಲಾಗ!" ಕೋಲು ಬೀಸಿದಳು. ಮಂಗ ಗೋಡೆ ಹಾರಿತು. ಅತ್ತೆ ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಳಿನಲ್ಲಿ ಕೈಯಾಡಿಸಿದಳು.

"ಖರೆ ಹೇಳ್ಲೇನು? ಬೈಯಬ್ಯಾಡ. ನನಗೂ ಬಂದಿತ್ತು ಆ ವಾಸನಿ."

ಹೆಂಡತಿ ನನ್ನ ಕೈ ಹಿಡಿದುಕೊಂಡಳು.

"ಅವನ ಹೊರಸಿನ ತಲಿದಿಂಬಿನ ಹಂತ್ಯಾಕ ಭಾಳ ಬರ್ತಿತ್ತು. ಆಕಡೆ ಈಕಡೆ ಸರದರ ಇಲ್ಲ."

"ಮತ್ತ ಅವಾಗ ಯಾಕ ಹೇಳ್ಲಿಲ್ಲ ಅತ್ತೀ?"

"ಯಾರಿಗೆ ಹೇಳ್ಲಿ? ಅವಂಗ ಗುಳಿಗಿ ಸುರು ಮಾಡಿ ಬಿಟ್ಟಿದ್ರಿ. ನಂದೂ ಹಂಗ ಅಂದ್ರ ನನಗೂ ಒಂದು ಚೀಟಿ ಬರಸ್ತಿದ್ರಿ. ಅಣ್ಣ ತಂಗಿ ಕೂಡೇ ಹುಚ್ಚಾದ್ರು ಅಂತ ಮಂದಿ ನಗಬೇಕೇನು?"

ಅವಳು ಕೋಲು ಎತ್ತಿಕೊಂಡು ಎದ್ದು ಹೋದಳು. ಗೋಡೆಯ ಮೇಲೆ ಮಂಗ ಇರಲಿಲ್ಲ.

ಬಸ್ಸು ಹಿಡಿದು ಇಳಕಲ್ಲಿಗೆ ತಿರುಗಿ ಬಂದೆವು. ಅಪ್ಪನಿಗೆ ಜಡ್ಡು ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಇತ್ತು, ದಾರಿ ತಪ್ಪಿದ್ದೂ, ಗುರುತು ಮರೆತದ್ದೂ ನಿಜ. ಆದರೆ ಹೊರಸಿನ ಮೇಲೆ ಮಲಗಿ ಮೇಲೆ ನೋಡುತ್ತ ಅವನು ಹೇಳುತ್ತಿದ್ದ ಆ ಒಂದು ಮಾತು ನಿಜವೇ ಎಂದು ಮನೆಯಲ್ಲಿ ಯಾರೂ ಎದ್ದು ಹೋಗಿ ನೋಡಿರಲಿಲ್ಲ. ಒಬ್ಬನೇ ಆ ವಾಸನೆಯನ್ನು ಹೊತ್ತುಕೊಂಡಿದ್ದ. ಅದು ಹೇಗಿರುತ್ತದೆಂದು ಈಗ ನನಗೆ ಗೊತ್ತಿತ್ತು. ಮತ್ತೆ ಅತ್ತೆಯ ನೆನಪೂ ನೆನಪೇ. ಅಣ್ಣನ ಮೇಲಿನ ಮರುಕ ಅವಳ ಮೂಗಿಗೆ ಏನು ಬೇಕಾದರೂ ಹೇಳಿಸಿರಬಹುದು.

ಬೆಕ್ಕು ಈ ಸಲ ಇದ್ದದ್ದು ಸಂದಿನ ಎತ್ತರದ ಬಾಯಿಯ ಹತ್ತಿರ. ಅಪ್ಪನ ಹೊರಸು ಇದ್ದದ್ದು ಬೀದಿಯ ಕಡೆ, ತಗಡು ಗೇಣಿಗೆ ಇಳಿಯುವಲ್ಲಿ, ಬೆಳಕಿಂಡಿಯ ಕೆಳಗೆ. ಅಲ್ಲಿಗೆ ನನ್ನ ದೀಪವಾಗಲಿ ಕೈಯಾಗಲಿ ಮುಟ್ಟಿರಲಿಲ್ಲ. ರಜೆಯ ದಿನ ಪಾನಾ ಹಿಡಿದು ಮಾಳಿಗೆ ಹತ್ತಿ, ಆ ಕಡೆಯ ತಗಡಿನ ಬೋಲ್ಟುಗಳನ್ನು ಬಿಚ್ಚಿದೆ. ತುಕ್ಕು ಹಿಡಿದಿದ್ದವು. ಅಪ್ಪ ಕೂಡ್ರಿಸಿದ ಮೇಲೆ ಅವುಗಳನ್ನು ಯಾರೂ ಮುಟ್ಟಿರಲಿಲ್ಲ. ತಗಡು ಸರಿಸಿ, ಕೆಳಗಿದ್ದ ಹೆಂಡತಿಯನ್ನು ಕೂಗಿದೆ. ಹೊರಸಿನ ತಲೆದಿಂಬು ಇರುತ್ತಿದ್ದ ಜಾಗದಲ್ಲಿ ನಿಂತು ಕಸಬರಿಗೆಯ ಹಿಡಿಯಿಂದ ಬೆಳಕಿಂಡಿಯ ಹಲಗೆಯನ್ನು ಮೇಲಕ್ಕೆ ನೂಕು ಎಂದೆ. ಹಲಗೆ ಮೇಲೆದ್ದಿತು. ಮಣ್ಣು, ಬೀಜ ಅವಳ ತಲೆಯ ಮೇಲೆ ಸುರಿದವು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕಣ್ಣೆತ್ತಿ ನೋಡಿದಳು.

ಹಿಕ್ಕೆಯ ರಾಶಿ ಹಲಗೆಯ ಸುತ್ತಲೂ ಇತ್ತು. ಹೊಸದಲ್ಲ, ಒಣಗಿ ಮಣ್ಣಾಗಿ, ಬಾರಿಹಣ್ಣಿನ ಬೀಜಗಳಷ್ಟೇ ಉಳಿದಿದ್ದವು, ಅವುಗಳ ಮೇಲೆ ಕಣಜ ಗೂಡು ಕಟ್ಟಿ ಅದೂ ಬಿಟ್ಟುಹೋಗಿ ಪುಡಿಯಾಗಿತ್ತು. ಈ ಸಲ ನಾನೊಬ್ಬನೇ ಅಲ್ಲ. ಹೆಂಡತಿಯನ್ನು ಮೇಲೆ ಕರೆದು ತೋರಿಸಿದೆ, ಅವಳು ಒಂದು ಬೀಜ ಎತ್ತಿ ಉಗುರಿನಿಂದ ಕೆರೆದು ನೋಡಿದಳು. ಆ ಹಳೆಯ ರಾಶಿ ಅಪ್ಪನ ತಲೆದಿಂಬಿನ ನೇರ ಮೇಲೆ ಇತ್ತು.